ನಾಲ್ಕು ಗುಂಪಿಗೆ ಕಳಿಸಿದ್ದು ನಾನೇ; ಈಗ ತೌಬಾ (ಪಶ್ಚಾತ್ತಾಪ) ಹೇಗೆ?

ಉಮ್ಮು ಹನಾ · ಸೋಮವಾರ ರಾತ್ರಿ 9:40

ಅಸ್ಸಲಾಮು ಅಲೈಕುಂ. ಇಲ್ಲಿ ಬಹಳ ದಿನದಿಂದ ಸುಮ್ಮನೆ ಓದುತ್ತಿದ್ದವಳು ನಾನು, ಬರೆಯುತ್ತಿರುವುದು ಇದೇ ಮೊದಲು. ಉದ್ದವಾದರೆ ಮಾಫ್ ಮಾಡಿ.

ಹೋದ ತಿಂಗಳು ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಒಂದು ಧ್ವನಿಸಂದೇಶ ಬಂತು. ಝಕಾತ್, ಅಂದರೆ ಕಡ್ಡಾಯ ದಾನದ ಹಣ, ಸಂಗ್ರಹಿಸಿ ಹಂಚುವ ಒಬ್ಬರ ಹೆಸರು ಹಿಡಿದು, ಅವರು ಆ ಹಣವನ್ನು ಸ್ವಂತಕ್ಕೆ ಬಳಸಿದ್ದಾರೆ ಅಂತ. ಹೇಳಿದವನ ದನಿಯಲ್ಲಿ ಅಳುವಿತ್ತು, ಮಾತುಮಾತಿಗೆ ಅಲ್ಲಾಹನ ಮೇಲೆ ಆಣೆಯಿತ್ತು. ನಂಬಿದೆ. ನಂಬಿದೆ ಅನ್ನುವುದಕ್ಕಿಂತ ನಂಬಬೇಕೋ ಬೇಡವೋ ಅಂತ ಯೋಚಿಸಲೇ ಇಲ್ಲ ಅನ್ನುವುದು ಸರಿ. ರಾತ್ರಿಯ ಇಶಾ ನಮಾಝ್ ಮುಗಿಸಿ, ಇನ್ನೂ ಮುಸಲ್ಲಾದ (ನಮಾಝಿನ ಚಾಪೆಯ) ಮೇಲೆ ಕೂತಿರುವಾಗಲೇ ನಾಲ್ಕು ಗುಂಪಿಗೆ ಕಳಿಸಿದೆ. 'ಎಲ್ಲರೂ ಎಚ್ಚರವಾಗಿರಿ' ಅಂತ ಕೆಳಗೊಂದು ಸಾಲು ಬೇರೆ. ಅದು ನನ್ನದೇ.

ಹನ್ನೊಂದು ದಿನದ ನಂತರ ಲೆಕ್ಕಪತ್ರವನ್ನು ನಾಲ್ಕು ಜನರ ಮುಂದೆ ಬಿಚ್ಚಿಟ್ಟರಂತೆ. ಎಲ್ಲ ಚೊಕ್ಕವಾಗಿತ್ತು. ಆ ಧ್ವನಿಯವನಿಗೆ ಅವರ ಮೇಲೆ ಬೇರಾವುದೋ ಹಳೆಯ ಸಿಟ್ಟು. ಅಷ್ಟರಲ್ಲಿ ಆ ಮನುಷ್ಯ ಆ ಕೆಲಸ ಬಿಟ್ಟಾಗಿತ್ತು, ಮಸೀದಿಯಲ್ಲಿ ಒಟ್ಟಾಗಿ ಮಾಡುವ ನಮಾಝಿನ ಜಮಾಅತ್‌ಗೆ ಬರುವುದನ್ನೂ ಕಡಿಮೆ ಮಾಡಿದ್ದರು. ಅವರ ಮಗಳು ನನ್ನ ಮಗಳದೇ ತರಗತಿ. ತರಗತಿಯಲ್ಲಿ ಯಾರೋ ಅವಳಿಗೆ ಅಡ್ಡಹೆಸರು ಇಟ್ಟಿದ್ದಾರೆ. ಏನಂತ ಇಲ್ಲಿ ಬರೆಯಲಾರೆ.

'ಎಲ್ಲರಿಗೂ ಅಳಿಸಿ' ಒತ್ತೋಣ ಅಂತ ಹೋದೆ. ಅದಕ್ಕೆ ಇರುವುದು ಎರಡು ದಿನ ಹನ್ನೆರಡು ಗಂಟೆ ಮಾತ್ರವಂತೆ.

ಒಂದು ವಾರದಿಂದ ಫೋನ್ ಮುಟ್ಟಲೂ ಅಸಹ್ಯ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಆ್ಯಪ್ ಎಲ್ಲ ತೆಗೆದುಹಾಕಿ ತೌಬಾ ಮಾಡಿಬಿಟ್ಟರೆ ಆಯಿತೇ? ಗೊತ್ತಿರುವವರು ಹೇಳಿ.

ಇಬ್ನ್ ಸಬೀಲ್ · ಸೋಮವಾರ ರಾತ್ರಿ 10:05

ವ ಅಲೈಕುಮುಸ್ಸಲಾಂ. ಎರಡನೇ ಯೋಚನೆಯೇ ಬೇಡ, ತೆಗೆದುಹಾಕಿ. ನಾನು ತೆಗೆದು ಎರಡು ವರ್ಷ ಆಯಿತು. ಈ ವೇದಿಕೆಯೊಂದನ್ನು ಬಿಟ್ಟು ಬೇರೇನೂ ಇಲ್ಲ. ಬೆಳಗಿನ ಫಜ್ರ್ ನಮಾಝ್ ಆದಮೇಲೆ ಕುರ್‌ಆನ್ ಓದಲು ಸಮಯ ಸಿಗುತ್ತದೆ, ಯಾರ ಮನೆಯ ಸುದ್ದಿಯೂ ನನಗೆ ಬೇಡ. 'ತನಗೆ ಸಂಬಂಧವಿಲ್ಲದ್ದನ್ನು ಬಿಡುವುದು ಒಬ್ಬನ ಇಸ್ಲಾಮಿನ ಚೆಲುವುಗಳಲ್ಲಿ ಒಂದು' ಎಂಬ ಹದೀಸ್ (ಪ್ರವಾದಿಯವರ ನುಡಿ) ಹಿಂದಿನ ಕಾಲದ ವಿದ್ವಾಂಸ ಇಮಾಮ್ ನವವಿಯವರ ನಲವತ್ತು ಹದೀಸ್‌ಗಳಲ್ಲಿ ಹನ್ನೆರಡನೆಯದು. ಫೋನ್ ಇಟ್ಟುಕೊಂಡು ಅದನ್ನು ಪಾಲಿಸುವುದು ನನ್ನಿಂದಂತೂ ಆಗಲಿಲ್ಲ.

ತಲೆಹರಟೆ · ಸೋಮವಾರ ರಾತ್ರಿ 10:31

ಅಕ್ಕಾ, ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ಆ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇತ್ತಾ? 'ಹಲವು ಬಾರಿ ಫಾರ್ವರ್ಡ್ ಆಗಿದೆ' ಅನ್ನುವುದು?

ಯಾಕೆ ಕೇಳಿದೆ ಅಂದರೆ, ಸುಳ್ಳುಸುದ್ದಿ ಹಬ್ಬಿ ಜೀವಗಳೇ ಹೋದ ಮೇಲೆ ವಾಟ್ಸ್ಆ್ಯಪ್‌ನವರು 2018ರಿಂದ ಫಾರ್ವರ್ಡಿಗೆ ಮಿತಿ ಹಾಕುತ್ತಾ ಬಂದರು. 2019ರಲ್ಲಿ ಜಗತ್ತಿಗೆಲ್ಲ ಒಮ್ಮೆಗೆ ಐದು ಮಾಡಿದರು. ಜೋಡಿ ಬಾಣ ಬಿದ್ದ ಸಂದೇಶವನ್ನು 2020ರ ಏಪ್ರಿಲ್‌ನಿಂದ ಒಮ್ಮೆಗೆ ಒಂದೇ ಕಡೆಗೆ ಕಳಿಸಲು ಆಗುತ್ತದೆ.

ಉಮ್ಮು ಹನಾ · ಸೋಮವಾರ ರಾತ್ರಿ 10:44

ಇತ್ತು. ಈಗಷ್ಟೇ ತೆರೆದು ನೋಡಿದೆ.

ಅಂದರೆ ನಾನು ಒಂದು ಸಲ ಒತ್ತಿಲ್ಲ. ನಾಲ್ಕು ಸಲ ಒತ್ತಿದ್ದೇನೆ. ಪ್ರತಿ ಸಲವೂ ಗುಂಪಿನ ಹೆಸರು ಹುಡುಕಿ. ಇದನ್ನು ನೀವು ಹೇಳದಿದ್ದರೇ ಚೆನ್ನಾಗಿತ್ತು ತಮ್ಮಾ.

ಬಳಪ · ಮಂಗಳವಾರ ಬೆಳಿಗ್ಗೆ 6:15

ವ ಅಲೈಕುಮುಸ್ಸಲಾಂ ವ ರಹ್ಮತುಲ್ಲಾಹ್, ತಂಗೀ. ನಾನು ಮದರಸದಲ್ಲಿ ಮಕ್ಕಳಿಗೆ ಕಲಿಸುವವನು, ಧರ್ಮದ ತೀರ್ಪು ಹೇಳುವ ಮುಫ್ತಿಯಲ್ಲ. ನಿಮ್ಮ ವಿಷಯವನ್ನು ಪರಿಚಯದ ಆಲಿಮರೊಬ್ಬರ (ಧರ್ಮವಿದ್ವಾಂಸರ) ಬಳಿ ಖುದ್ದಾಗಿ ಕೇಳಿ. ಆದರೂ ರಾತ್ರಿ ನಿಮ್ಮ ಬರಹ ಓದಿ ನಿದ್ದೆ ಬರಲಿಲ್ಲ, ಹಾಗಾಗಿ ನನಗೆ ತಿಳಿದಷ್ಟು ಬರೆಯುತ್ತೇನೆ.

ಇಂಥ ಸಂದರ್ಭದಲ್ಲಿ ಎಲ್ಲರೂ ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯದ 6ನೇ ಆಯತ್ (ವಚನ) ಹೇಳುತ್ತಾರೆ. ದುಷ್ಟನೊಬ್ಬ ಸುದ್ದಿ ತಂದರೆ ವಿಚಾರಿಸಿ ನೋಡಿ, ಇಲ್ಲದಿದ್ದರೆ ತಿಳಿಯದೆ ಒಂದು ಜನಕ್ಕೆ ಹಾನಿ ಮಾಡಿ, ಮಾಡಿದ್ದಕ್ಕೆ ಪಶ್ಚಾತ್ತಾಪ ಪಡುವಿರಿ ಎನ್ನುವುದು. ಅದು ನಿಮಗೆ ಗೊತ್ತೇ ಇರುತ್ತದೆ. ನಾನು ಹೇಳಬೇಕೆಂದಿರುವುದು ಅನ್ನೂರ್ ಅಧ್ಯಾಯದ ವಿಷಯ, ಪ್ರವಾದಿ(ಸ)ಯವರ ಪತ್ನಿ ಆಯಿಶಾರ ಮೇಲೆ ಹೊರಿಸಿದ ಸುಳ್ಳು ಅಪವಾದ, ಅಂದರೆ ಇಫ್ಕ್‌ನ ಘಟನೆ.

ಬನೂ ಮುಸ್ತಲಿಕ್ ದಂಡಯಾತ್ರೆಯಿಂದ ಮರಳುವಾಗ ಆಯಿಶಾ(ರ) ಕಳೆದುಹೋದ ಕಂಠಹಾರ ಹುಡುಕುತ್ತಾ ಹಿಂದೆ ಉಳಿದರು. ಸಫ್ವಾನ್(ರ) ಅವರನ್ನು ಕಂಡು, ತಮ್ಮ ಒಂಟೆಯ ಮೇಲೆ ಕೂರಿಸಿ, ತಾವು ನಡೆದುಕೊಂಡು ದಂಡನ್ನು ಸೇರಿಸಿದರು. ಆದದ್ದು ಇಷ್ಟೇ. ಇದಕ್ಕೆ ಮಾತು ಹಚ್ಚಿದವನು ಮದೀನಾದ ಕಪಟಿಗಳ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್. ಆದರೆ ಮದೀನಾದಲ್ಲಿ ಅದನ್ನು ಸುಮಾರು ಒಂದು ತಿಂಗಳು ಜೀವಂತವಾಗಿ ಇಟ್ಟವರಲ್ಲಿ ಒಳ್ಳೆಯ ಜನರೂ ಇದ್ದರು. ಬದ್ರ್ ಯುದ್ಧದಲ್ಲಿ ಹೋರಾಡಿದ ಮಿಸ್ತಹ್ ಇದ್ದರು. ಅವರು ಆಯಿಶಾರ ತಂದೆ ಅಬೂಬಕರ್(ರ) ಅವರ ನೆಂಟರು, ಅವರ ಸಹಾಯದಲ್ಲೇ ಬದುಕುತ್ತಿದ್ದವರು. ಹಮ್ನಾ ಬಿಂತ್ ಜಹ್ಶ್ ಇದ್ದರು. ಕುರ್‌ಆನ್ ಆ ಜನರನ್ನು ಹಿಡಿದು ನಿಲ್ಲಿಸುವ ಮಾತು ನೋಡಿ: ನೀವು ಅದನ್ನು ನಾಲಿಗೆಯಿಂದ ನಾಲಿಗೆಗೆ ಪಡೆಯುತ್ತಿದ್ದಿರಿ, ನಿಮಗೆ ಅರಿವಿಲ್ಲದ್ದನ್ನು ಬಾಯಿಂದ ಆಡುತ್ತಿದ್ದಿರಿ, ಅದನ್ನು ಹಗುರ ಅಂದುಕೊಂಡಿದ್ದಿರಿ, ಅಲ್ಲಾಹನ ಬಳಿ ಅದು ಘೋರವಾಗಿತ್ತು. 15ನೇ ಆಯತ್. ಸುದ್ದಿಯನ್ನು ಪಡೆಯುವುದು ಕಿವಿ ತಾನೇ? ಇಲ್ಲಿ ನಾಲಿಗೆಯೇ ಪಡೆಯುತ್ತದೆ. ಕಿವಿ, ಬುದ್ಧಿ ಯಾವುದೂ ನಡುವೆ ಇಲ್ಲ. ಫಾರ್ವರ್ಡ್ ಗುಂಡಿಗೆ ಇದಕ್ಕಿಂತ ಸರಿಯಾದ ವರ್ಣನೆ ನಾನು ಕಂಡಿಲ್ಲ.

ಆ ಕಥೆಯಲ್ಲಿ ನನಗೆ ಅತಿ ದೊಡ್ಡವರಾಗಿ ಕಾಣುವುದು ಝೈನಬ್ ಬಿಂತ್ ಜಹ್ಶ್(ರ). ಪ್ರವಾದಿ(ಸ)ಯವರ ಪತ್ನಿಯರಲ್ಲಿ ಆಯಿಶಾರಿಗೆ ಸರಿಸಾಟಿ ಅಂತ ನಿಂತವರು ಅವರೊಬ್ಬರೇ, ಇದು ಆಯಿಶಾರೇ ಹೇಳಿದ್ದು. ಹಮ್ನಾ ಇವರ ಸ್ವಂತ ತಂಗಿ, ಅಕ್ಕನ ಪರವಾಗಿ ಅಂತಲೇ ಆ ಮಾತು ಹಬ್ಬಿಸುತ್ತಿದ್ದಳು. ಪ್ರವಾದಿ(ಸ) ಝೈನಬರನ್ನು ಕೇಳಿದಾಗ ಅವರು ಹೇಳಿದ್ದು: 'ನನ್ನ ಕಿವಿಯನ್ನೂ ಕಣ್ಣನ್ನೂ ನಾನು ಕಾಪಾಡಿಕೊಳ್ಳುತ್ತೇನೆ. ಅಲ್ಲಾಹನಾಣೆ, ಒಳಿತಲ್ಲದೆ ಬೇರೇನನ್ನೂ ನಾನು ಅರಿಯೆ.' ಬುಖಾರಿ ಎಂಬ ಹದೀಸ್ ಸಂಗ್ರಹದಲ್ಲಿದೆ. 'ನನಗೆ ಗೊತ್ತಿಲ್ಲ' ಎಂದಷ್ಟೇ ಹೇಳಿದ್ದರೂ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಲಾಭ ತನಗೇ ಇದ್ದಾಗ, ತಂಗಿಯೇ ಎದುರು ಪಕ್ಷದಲ್ಲಿದ್ದಾಗ, ಅವರು ಅಷ್ಟಕ್ಕೆ ನಿಲ್ಲಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ತೌಬಾದ ಶರತ್ತುಗಳನ್ನು ನವವಿಯವರು ಮೂರು ಹೇಳುತ್ತಾರೆ: ತಪ್ಪನ್ನು ಬಿಡಬೇಕು, ಅದಕ್ಕಾಗಿ ನೋಯಬೇಕು, ಮತ್ತೆ ಮಾಡುವುದಿಲ್ಲ ಎಂದು ನಿಶ್ಚಯಿಸಬೇಕು. ತಪ್ಪು ಮನುಷ್ಯನ ಹಕ್ಕಿಗೆ ಸೇರಿದ್ದಾದರೆ ನಾಲ್ಕನೆಯದಿದೆ, ಆ ಹಕ್ಕನ್ನು ಅವನಿಗೆ ಮರಳಿಸಬೇಕು. ಮೂರನ್ನು ನೀವು ಮುಸಲ್ಲಾದ ಮೇಲೆ ಮಾಡಬಹುದು. ನಾಲ್ಕನೆಯದು ಇರುವುದು ಆ ನಾಲ್ಕು ಗುಂಪುಗಳಲ್ಲಿ. ಆದ್ದರಿಂದ ಇಬ್ನ್ ಸಬೀಲ್ ಅಣ್ಣನ ಮಾತು ಅವರಿಗೆ ಸರಿ, ನಿಮಗೆ ಈಗ ಸರಿಯಲ್ಲ. ಸುಳ್ಳು ತಲುಪಿದ ಬಾಗಿಲಿಗೇ ನಿಜವೂ ತಲುಪಬೇಕು. ಆಪ್ ತೆಗೆದರೆ ಆ ಬಾಗಿಲೇ ಮುಚ್ಚಿತು.

ಮಸಿಕುಡಿಕೆ · ಮಂಗಳವಾರ ಬೆಳಿಗ್ಗೆ 9:20

ಉಸ್ತಾದರ ಮಾತಿಗೆ ಸೇರಿಸುವುದು: ಆ ಸಂದೇಶ ನಿಜವೇ ಆಗಿದ್ದರೆ ಇವರು ಇಷ್ಟು ನೋಯುತ್ತಿರಲಿಲ್ಲ ಅನ್ನುವುದೂ ಯೋಚಿಸಬೇಕಾದ್ದು. ಗೀಬತ್ (ಬೆನ್ನ ಹಿಂದೆ ಆಡುವ ಮಾತು) ಅಂದರೇನು ಅಂತ ಪ್ರವಾದಿ(ಸ) ವಿವರಿಸಿದಾಗ ಒಬ್ಬರು ಕೇಳುತ್ತಾರೆ: ನಾನು ಹೇಳಿದ್ದು ನನ್ನ ಸಹೋದರನಲ್ಲಿ ಇದ್ದರೆ? ಉತ್ತರ: ಇದ್ದರೆ ಅದೇ ಗೀಬತ್, ಇಲ್ಲದಿದ್ದರೆ ಅದು ಬುಹ್ತಾನ್, ಅಪವಾದ. ಇದು ಇಮಾಮ್ ಮುಸ್ಲಿಂ ಅವರ ಹದೀಸ್ ಸಂಗ್ರಹದಲ್ಲಿದೆ. ಅಂದರೆ 'ನಿಜ ಇದ್ದದ್ದನ್ನೇ ತಾನೇ ಹಾಕಿದ್ದು' ಎಂಬ ನಮ್ಮೆಲ್ಲರ ಮಾಮೂಲಿ ಸಮರ್ಥನೆ ಗೀಬತ್‌ನ ವ್ಯಾಖ್ಯೆಯೇ ಹೊರತು ಅದರಿಂದ ಪಾರಾಗುವ ದಾರಿಯಲ್ಲ.

ಆದರೆ ಇದೇ ಮಾತನ್ನು ಬಾಯಿ ಮುಚ್ಚಿಸಲು ಬಳಸುವವರೂ ಇದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ಅನ್ಯಾಯಕ್ಕೆ ಒಳಗಾದವಳು ಬಾಯಿ ಬಿಟ್ಟ ಕೂಡಲೇ 'ಗೀಬತ್ ಮಾಡಬೇಡಮ್ಮಾ' ಅನ್ನುವ ಹಿರಿಯರು. ಅನ್ನಿಸಾ ಅಧ್ಯಾಯದ 148ನೇ ಆಯತ್ ಏನು ಹೇಳುತ್ತದೆ? ಕೆಟ್ಟದ್ದನ್ನು ಬಹಿರಂಗವಾಗಿ ಆಡುವುದು ಅಲ್ಲಾಹನಿಗೆ ಇಷ್ಟವಿಲ್ಲ, ಅನ್ಯಾಯಕ್ಕೊಳಗಾದವರ ಹೊರತು. ಗೀಬತ್‌ಗೆ ವಿನಾಯಿತಿ ಇರುವ ಆರು ಸಂದರ್ಭಗಳನ್ನು ನವವಿಯವರು ಪಟ್ಟಿ ಮಾಡಿದ್ದಾರೆ. ಅನ್ಯಾಯದ ದೂರು, ಕೆಡುಕು ತಡೆಯಲು ನೆರವು ಕೇಳುವುದು, ಫತ್ವಾ ಕೇಳುವುದು, ಜನರನ್ನು ಎಚ್ಚರಿಸುವುದು ಎಲ್ಲ ಅದರಲ್ಲಿವೆ. ಅಬೂ ಸುಫ್ಯಾನರ ಪತ್ನಿ ಹಿಂದ್, ಗಂಡ ಜಿಪುಣ, ಮನೆಖರ್ಚಿಗೆ ಸಾಕಷ್ಟು ಕೊಡುವುದಿಲ್ಲ ಅಂತ ಪ್ರವಾದಿ(ಸ)ಯವರ ಮುಂದೆಯೇ ಹೇಳಿದರು. ಅವರನ್ನು ಯಾರೂ ತಡೆಯಲಿಲ್ಲ.

ವ್ಯತ್ಯಾಸ ಇಷ್ಟೇ. ಹಿಂದ್ ತಮ್ಮ ಅನುಭವವನ್ನು, ಪರಿಹಾರ ಕೊಡಬಲ್ಲವರ ಬಳಿ ಹೇಳಿದರು. ಉಮ್ಮು ಹನಾ ಅವರು ಯಾರದೋ ಅನುಭವವನ್ನು, ಏನೂ ಮಾಡಲಾಗದ ನೂರಾರು ಜನಕ್ಕೆ ಹೇಳಿದರು. ಹಣದ ಬಗ್ಗೆ ಅನುಮಾನ ಇದ್ದರೆ ಲೆಕ್ಕ ಕೇಳುವ ಅಧಿಕಾರ ಇರುವವರು ಇದ್ದರಲ್ಲ. ಭಯದ್ದೋ ನೆಮ್ಮದಿಯದ್ದೋ ಸುದ್ದಿ ಬಂದರೆ ಹಬ್ಬಿಸಿಬಿಡುತ್ತಾರೆ, ಅದನ್ನು ರಸೂಲರಿಗೂ ಹೊಣೆಯುಳ್ಳವರಿಗೂ ಒಪ್ಪಿಸಿದ್ದರೆ ಅದರ ನಿಜ ತೆಗೆಯಬಲ್ಲವರು ತಿಳಿದುಕೊಳ್ಳುತ್ತಿದ್ದರು ಅಂತ ಅದೇ ಅಧ್ಯಾಯದ 83ರಲ್ಲಿದೆ.

ನಿರ್ವಾಹಕ · ಮಂಗಳವಾರ ಬೆಳಿಗ್ಗೆ 11:02

ಇಲ್ಲಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಒಂದು, ಆ ವ್ಯಕ್ತಿ ಯಾರಿರಬಹುದು ಅಂತ ಊಹಿಸಲು ಹೊರಟಿತ್ತು. ಇನ್ನೊಂದು, 'ನನಗೆ ಗೊತ್ತು, ಇನ್‌ಬಾಕ್ಸಿಗೆ ಬನ್ನಿ' ಅಂತ. ಚರ್ಚೆ ನಡೆಯುತ್ತಿರುವುದೇ ಯಾವುದರ ಬಗ್ಗೆ ಸ್ವಾಮೀ?

ತಲೆಹರಟೆ · ಮಂಗಳವಾರ ಬೆಳಿಗ್ಗೆ 11:10

ತಜಸ್ಸುಸ್‌ಗೆ, ಅಂದರೆ ಇನ್ನೊಬ್ಬರ ಗುಟ್ಟು ಕೆದಕುವುದಕ್ಕೆ, ಪ್ರಾತ್ಯಕ್ಷಿಕೆ ತೋರಿಸಿದ್ದಾರೆ, ಬಿಡಿ.

ನನ್ನದೊಂದು ತಲೆನೋವು ಇದೆ, ಇಲ್ಲೇ ಹೇಳುತ್ತೇನೆ. ಸುದ್ದಿಗಿಂತ ಹೆಚ್ಚು ನನಗೆ ಬರುವುದು ಹದೀಸ್ ಹೆಸರಿನ ಫಾರ್ವರ್ಡ್‌ಗಳು. ಹೂವಿನ ಚಿತ್ರ, ಬಂಗಾರದ ಅಕ್ಷರ, ಯಾವ ಗ್ರಂಥ, ಯಾರ ವರದಿ ಅಂತ ಏನೂ ಇರುವುದಿಲ್ಲ. 'ಇಪ್ಪತ್ತು ಜನಕ್ಕೆ ಕಳಿಸಿ, ಇಲ್ಲದಿದ್ದರೆ ಕೇಡು' ಅಂತ ಬೆದರಿಕೆ ಬೇರೆ. ಮದೀನಾ ಮಸೀದಿಯ ಸೇವಕ ಶೇಖ್ ಅಹ್ಮದ್ ಅನ್ನುವವರ ಕನಸಿನ ಪತ್ರ ನಿಮಗೆಲ್ಲ ಒಂದಲ್ಲ ಒಂದು ಸಲ ಬಂದೇ ಇರುತ್ತದೆ. ಅದು ಫೋನ್‌ಗಿಂತ ಹಳೆಯದು, ಕಾಗದದಲ್ಲಿ ನಕಲು ಮಾಡಿ ಹಂಚುತ್ತಿದ್ದ ಕಾಲದಿಂದಲೂ ಇದೆ. ಸೌದಿಯ ಶೇಖ್ ಇಬ್ನ್ ಬಾಝ್ ಅದು ಶುದ್ಧ ಸುಳ್ಳು ಅಂತ ಬರೆದು ಪ್ರಕಟಿಸಿ ದಶಕಗಳೇ ಆದವು. ಪತ್ರ ಮಾತ್ರ ಇನ್ನೂ ಓಡಾಡುತ್ತಿದೆ. ನಮ್ಮ ಚಿಕ್ಕಪ್ಪ ಹೋದ ವಾರ ಕಳಿಸಿದರು. ಏನು ಹೇಳಲಿ ಅವರಿಗೆ?

ಬಳಪ · ಮಂಗಳವಾರ ಮಧ್ಯಾಹ್ನ 2:30

ಗುಂಪಿನಲ್ಲಿ ಹೇಳಬೇಡಿ, ಮನೆಗೆ ಹೋದಾಗ ಪಕ್ಕದಲ್ಲಿ ಕೂತು ಹೇಳಿ. ಹಿರಿಯರು ಒಳ್ಳೆಯದಾಗಲಿ ಅಂತಲೇ ಕಳಿಸಿರುತ್ತಾರೆ.

ಆದರೆ ವಿಷಯ ಸಣ್ಣದಲ್ಲ. ನನ್ನ ಹೆಸರಲ್ಲಿ ಬೇಕೆಂದೇ ಸುಳ್ಳು ಹೇಳುವವನು ನರಕದಲ್ಲಿ ತನ್ನ ಜಾಗ ಸಿದ್ಧಮಾಡಿಕೊಳ್ಳಲಿ ಅಂದಿದ್ದಾರೆ ಪ್ರವಾದಿ(ಸ). 'ಇಸ್ನಾದ್ (ಯಾರಿಂದ ಯಾರಿಗೆ ಬಂತು ಎಂಬ ವರದಿಗಾರರ ಸರಪಳಿ) ದೀನಿನ (ಧರ್ಮದ) ಭಾಗ. ಇಸ್ನಾದ್ ಇಲ್ಲದಿದ್ದರೆ ಯಾರು ಏನು ಬೇಕಾದರೂ ಹೇಳಿಬಿಡುತ್ತಿದ್ದರು' ಅಂತ ಅಬ್ದುಲ್ಲಾ ಇಬ್ನುಲ್ ಮುಬಾರಕ್ ಹೇಳಿದ್ದನ್ನು ಇಮಾಮ್ ಮುಸ್ಲಿಂ ತಮ್ಮ ಸಂಗ್ರಹದ ಮುನ್ನುಡಿಯಲ್ಲೇ ಇಟ್ಟಿದ್ದಾರೆ. ಕೇಳಿದ್ದನ್ನೆಲ್ಲ ಹೇಳುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕು ಎಂಬ ಹದೀಸ್ ಇರುವುದೂ ಅದೇ ಮುನ್ನುಡಿಯಲ್ಲಿ. ಗಮನಿಸಿ, ಸುಳ್ಳು ಕಟ್ಟಿದವನ ಮಾತಲ್ಲ ಅದು, ಕೇಳಿದ್ದನ್ನು ದಾಟಿಸಿದವನ ಮಾತು. ಆ ಕಾಲದ ಆಲಿಮರು ಇದನ್ನು ಹೆದರಿ ಹೆದರಿ ಪಾಲಿಸಿದರು. ಯಾರು ಹೇಳಿದ್ದು, ಅವನಿಗೆ ಯಾರು ಹೇಳಿದ್ದು, ಇಬ್ಬರೂ ಭೇಟಿಯಾಗಿರಲು ಸಾಧ್ಯವೇ, ಅವನ ನೆನಪು ಗಟ್ಟಿಯೇ ಅಂತ ಒಬ್ಬೊಬ್ಬರನ್ನೂ ಜಾಲಾಡಿದರು. ಅಂಥವರ ಉಮ್ಮತ್ (ಸಮುದಾಯ) ನಾವು, ಜೋಡಿ ಬಾಣವನ್ನೂ ನೋಡದೆ ಒತ್ತುತ್ತೇವೆ.

ನಸುಕು · ಮಂಗಳವಾರ ರಾತ್ರಿ 8:50

ಉಮ್ಮು ಹನಾ, ನಿಮಗೆ ಅಲ್ಲಾಹನು ದಾರಿ ತೋರಲಿ. ನನ್ನದು ಸ್ವಲ್ಪ ಬೇರೆ. ಹದಿನಾಲ್ಕರ ಮಗನಿದ್ದಾನೆ. ಅವನು ಮಲಗಿದ ಮೇಲೆ ದಿನಾ ಅವನ ಫೋನ್ ತೆರೆದು ಓದುತ್ತೇನೆ. ತಾಯಿಯಾಗಿ ಇದು ನನ್ನ ಹೊಣೆ ಅಂತ ಅಂದುಕೊಂಡಿದ್ದೆ. ಈ ಚರ್ಚೆ ಓದಿದ ಮೇಲೆ ಅಳುಕು ಶುರುವಾಗಿದೆ.

ಮಸಿಕುಡಿಕೆ · ಮಂಗಳವಾರ ರಾತ್ರಿ 9:15

ಅಳುಕಬೇಕಾದ್ದೇ ಅನಿಸುತ್ತದೆ ಅಕ್ಕಾ. ಪ್ರವಾದಿ(ಸ)ಯವರ ಕೋಣೆಯೊಳಗೆ ಒಬ್ಬ ಕಂಡಿಯಿಂದ ಇಣುಕಿದಾಗ ಅವರು ಹೇಳಿದ್ದು, ಅನುಮತಿ ಕೇಳುವ ನಿಯಮ ಇರುವುದೇ ದೃಷ್ಟಿಯ ಕಾರಣಕ್ಕೆ ಅಂತ. ಬಾಗಿಲು ತಟ್ಟುವುದು ಕಾಲಿಗಾಗಿ ಅಲ್ಲ, ಕಣ್ಣಿಗಾಗಿ. ಮಗನ ಫೋನಿಗೂ ಬಾಗಿಲಿದೆ.

ನಸುಕು · ಮಂಗಳವಾರ ರಾತ್ರಿ 9:22

ನಿಮಗೆ ಮಕ್ಕಳಿದ್ದಾರಾ?

ಮಸಿಕುಡಿಕೆ · ಮಂಗಳವಾರ ರಾತ್ರಿ 9:24

ಇಲ್ಲ.

ಬಳಪ · ಮಂಗಳವಾರ ರಾತ್ರಿ 10:10

ಇಬ್ಬರೂ ತಾಳಿ. ಹದಿನಾಲ್ಕರ ಹುಡುಗನ ಪೋಷಣೆಯ ಹೊಣೆ ತಾಯಿ ಮೇಲಿದೆ, ಅಪರಿಚಿತ ಇಣುಕಿದ್ದಕ್ಕೂ ಇದಕ್ಕೂ ಅಂತರವಿದೆ. ಆದರೆ ಕದ್ದು ನೋಡುವುದು ಬೇಡ. 'ನಿನ್ನ ಫೋನನ್ನು ನಾನು ಆಗಾಗ ನೋಡುತ್ತೇನೆ, ನೀನಿರುವಾಗಲೇ ನೋಡುತ್ತೇನೆ' ಅಂತ ಹೇಳಿಬಿಡಿ. ಜೊತೆಗೆ ನಿಮ್ಮದನ್ನೂ ಅವನ ಮುಂದೆ ಇಡಿ. ಮದರಸದಲ್ಲಿ ದೃಷ್ಟಿ ತಗ್ಗಿಸುವ ಪಾಠ ಹೇಳುವಾಗ ಒಬ್ಬ ಹುಡುಗ ಎದ್ದು ಕೇಳಿದ್ದ: 'ಉಸ್ತಾದ್, ಇದು ಹೆಂಗಸರು ಹೇಗೆ ಇರಬೇಕು ಅನ್ನುವ ಪಾಠ ಅಲ್ವಾ?' ಅನ್ನೂರ್ ಅಧ್ಯಾಯದಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬರುವುದು ಗಂಡಸರಿಗೆ, 30ರಲ್ಲಿ. ಹೆಂಗಸರಿಗೆ ಬರುವುದು 31ರಲ್ಲಿ. ಅವನಿಗೆ ಯಾರೂ 30 ಓದಿಸಿರಲಿಲ್ಲ. ರಾತ್ರಿ ಒಬ್ಬನೇ ಫೋನ್ ಹಿಡಿದ ಹುಡುಗನಿಗೆ ಬೇಕಿರುವುದು ಅದೇ.

ಇಬ್ನ್ ಸಬೀಲ್ · ಬುಧವಾರ ಬೆಳಗಿನ ಜಾವ 1:20

ರಾತ್ರಿ ಅಂದ ಕೂಡಲೇ ನೆನಪಾಯಿತು. ಪ್ರವಾದಿ(ಸ) ಇಶಾಗೆ ಮೊದಲು ನಿದ್ದೆಯನ್ನೂ ಇಶಾ ನಂತರ ಮಾತುಕತೆಯನ್ನೂ ಇಷ್ಟಪಡುತ್ತಿರಲಿಲ್ಲ ಅಂತ ಅಬೂ ಬರ್ಝಾ(ರ) ವರದಿ ಮಾಡಿದ್ದಾರೆ. ಉಮ್ಮು ಹನಾ ಸಂದೇಶ ಕಳಿಸಿದ್ದೂ ಇಶಾ ನಂತರವೇ. ಹಗಲಿಗಿಂತ ಆ ಹೊತ್ತಿನಲ್ಲಿ ಮನಸ್ಸು ಸಡಿಲ. ನಾನು ಕಂಡುಕೊಂಡದ್ದು ಇದು.

ತಲೆಹರಟೆ · ಬುಧವಾರ ಬೆಳಗಿನ ಜಾವ 1:26

ಭಾಯ್, ಇದನ್ನು ನೀವು ಬರೆದದ್ದು 1:20ಕ್ಕೆ.

ಇಬ್ನ್ ಸಬೀಲ್ · ಬುಧವಾರ ಬೆಳಗಿನ ಜಾವ 1:28

ಇಲ್ಮ್‌ನ (ಜ್ಞಾನದ) ಮಾತಿಗೆ ವಿನಾಯಿತಿ ಇದೆ, ಬುಖಾರಿಯಲ್ಲಿ ಅದಕ್ಕೇ ಒಂದು ಬಾಬ್ (ಅಧ್ಯಾಯ) ಇದೆ.

ತಲೆಹರಟೆ · ಬುಧವಾರ ಬೆಳಗಿನ ಜಾವ 1:29

ಸರಿ ಸರಿ. ನಾನೂ ಇಲ್ಮ್‌ಗಾಗಿಯೇ ಎದ್ದಿದ್ದೇನೆ ಅಂತ ಬರೆದುಕೊಳ್ಳಿ.

ಆದರೆ ಒಂದು ಮಾತು. ನಾವು ಎದ್ದಿರುವುದು ಪೂರ್ತಿ ನಮ್ಮ ತಪ್ಪಲ್ಲ. ಕೆಳಗೆ ಹೋದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ರೂಪಿಸಿದ ಏಝಾ ರಾಸ್ಕಿನ್ ಆಮೇಲೆ ಅದಕ್ಕಾಗಿ ಬಹಿರಂಗವಾಗಿಯೇ ವಿಷಾದ ಪಟ್ಟಿದ್ದಾರೆ. ಪುಟಕ್ಕೆ ತಳ ಇದ್ದಾಗ ಮನುಷ್ಯ ಒಂದು ಕ್ಷಣ ನಿಂತು 'ಸಾಕು' ಅನ್ನುತ್ತಿದ್ದ. ನಮಾಝಿಗಾದರೆ ಕೊನೆಯಲ್ಲಿ ಸಲಾಂ ಇದೆ, ಎಡಕ್ಕೆ ತಿರುಗಿದರೆ ಮುಗಿಯಿತು. ಇದಕ್ಕೆ ಸಲಾಂ ನಾವೇ ಹೇಳಬೇಕು.

ದಾರಿದೀಪ · ಬುಧವಾರ ಬೆಳಿಗ್ಗೆ 10:40

ಎಲ್ಲರೂ ಕೆಟ್ಟದ್ದನ್ನೇ ಹೇಳುತ್ತಿದ್ದೀರಿ. ನಾವು ಕೆಲವರು ಸೇರಿ ಬಡವರಿಗೆ ನೆರವು ಮಾಡುತ್ತೇವೆ, ಅದರ ವಿಡಿಯೊ ಹಾಕುತ್ತೇವೆ. ವಿಡಿಯೊ ಹಾಕಿದ ತಿಂಗಳು ಕೊಡುವವರು ಹೆಚ್ಚಾಗುತ್ತಾರೆ. ಇದನ್ನೂ ರಿಯಾ (ತೋರಿಕೆ) ಅನ್ನುತ್ತೀರಾ? ದಾನವನ್ನು ಬಹಿರಂಗವಾಗಿ ಕೊಟ್ಟರೂ ಒಳ್ಳೆಯದೇ ಅಂತ ಕುರ್‌ಆನ್‌ನಲ್ಲೇ ಇದೆ.

ಮಸಿಕುಡಿಕೆ · ಬುಧವಾರ ಬೆಳಿಗ್ಗೆ 11:30

ಇದೆ, ಅಲ್ ಬಕರಾ 271. ಅದೇ ಆಯತ್ ಮುಂದುವರಿದು, ಗುಟ್ಟಾಗಿ ಬಡವರಿಗೆ ಕೊಟ್ಟರೆ ನಿಮಗೆ ಇನ್ನೂ ಒಳ್ಳೆಯದು ಅನ್ನುತ್ತದೆ. ನಿಮ್ಮ ನಿಯ್ಯತ್ (ಉದ್ದೇಶ) ನಿಮಗೂ ಅಲ್ಲಾಹನಿಗೂ ಬಿಟ್ಟದ್ದು, ನಾನು ಅದರೊಳಗೆ ಕೈ ಹಾಕುವುದಿಲ್ಲ.

ಮುಝರ್ ಬುಡಕಟ್ಟಿನ ಬಡವರು ಬರಿಗಾಲಲ್ಲಿ, ಹರಕು ಹೊದಿಕೆಯಲ್ಲಿ ಮದೀನಾಕ್ಕೆ ಬಂದದ್ದು ಕಂಡು ಪ್ರವಾದಿ(ಸ)ಯವರ ಮುಖ ಬಾಡಿತು. ಅವರು ಜನರನ್ನು ದಾನಕ್ಕೆ ಕರೆದಾಗ ಮದೀನಾದವನೇ ಆದ ಒಬ್ಬ ಅನ್ಸಾರಿ ಎತ್ತಲಾರದಷ್ಟು ಭಾರದ ಚೀಲ ತಂದ. ಅದನ್ನು ನೋಡಿ ಜನ ಒಬ್ಬರ ಹಿಂದೊಬ್ಬರು ತಂದು ರಾಶಿ ಹಾಕಿದರು. ಒಳ್ಳೆಯ ರೂಢಿ ಹಾಕಿಕೊಟ್ಟವನಿಗೆ ಅವನ ಪುಣ್ಯವೂ ಹಿಂಬಾಲಿಸಿದವರ ಪುಣ್ಯವೂ ಇದೆ ಎಂಬ ಹದೀಸ್ ಹುಟ್ಟಿದ್ದು ಅಲ್ಲಿ. ಹಾಗಾಗಿ ಕಾಣುವಂತೆ ಕೊಡುವುದಕ್ಕೆ ಆಧಾರ ಇದೆ, ನಿಮ್ಮ ಮಾತು ಸರಿ. ಆದರೆ ಅಲ್ಲಿ ಎಲ್ಲರಿಗೂ ಕಂಡದ್ದು ಚೀಲ. ಬರಿಗಾಲಿನವನನ್ನು ಮುಂದೆ ನಿಲ್ಲಿಸಿ, ಚೀಲವನ್ನು ಅವನ ಕೈಗಿಟ್ಟು, ಸ್ವಲ್ಪ ನಗು ಅಂತ ಯಾರೂ ಹೇಳಿದ್ದಿಲ್ಲ. ನಿಮ್ಮ ವಿಡಿಯೊದಲ್ಲಿ ತೆಗೆದುಕೊಳ್ಳುವವರ ಮುಖ ಇರುತ್ತದಾ?

ದಾರಿದೀಪ · ಬುಧವಾರ ಮಧ್ಯಾಹ್ನ 12:05

ಇರುತ್ತದೆ. ಒಪ್ಪಿಗೆ ಕೇಳಿಯೇ ತೆಗೆಯುವುದು.

ಉಮ್ಮು ಹನಾ · ಬುಧವಾರ ಮಧ್ಯಾಹ್ನ 12:20

ಮಧ್ಯೆ ಬರುತ್ತಿದ್ದೇನೆ. ನಾನು ಮದುವೆಗೆ ಮೊದಲು ಅಂಥ ಸಾಲಿನಲ್ಲಿ ನಿಂತವಳು. ಕೈ ಚಾಚಿದಾಗ ಒಪ್ಪಿಗೆ ಕೇಳಿದರೆ ಇಲ್ಲ ಅನ್ನಲು ಆಗುವುದಿಲ್ಲ ಅಣ್ಣಾ.

ದಾರಿದೀಪ · ಬುಧವಾರ ಮಧ್ಯಾಹ್ನ 3:48

ಯೋಚಿಸುತ್ತಿದ್ದೇನೆ. ಇನ್ನು ಮುಂದೆ ಪೊಟ್ಟಣಗಳ ಚಿತ್ರ, ಲೆಕ್ಕದ ಹಾಳೆ ಮಾತ್ರ ಹಾಕೋಣ ಅಂತ ನಮ್ಮವರಿಗೆ ಹೇಳುತ್ತೇನೆ. ಒಪ್ಪುತ್ತಾರೋ ಇಲ್ಲವೋ. ಹಳೆಯ ವಿಡಿಯೊಗಳೂ ಇವೆ, ಅವನ್ನೇನು ಮಾಡುವುದು ಅಂತ ನೋಡಬೇಕು.

ಉಮ್ಮು ಹನಾ · ಬುಧವಾರ ರಾತ್ರಿ 7:55

ಉಸ್ತಾದರೇ, ನಿಮ್ಮ ಮಾತಿನಂತೆ ಗುಂಪುಗಳಲ್ಲಿ ತಪ್ಪೊಪ್ಪಿಕೊಂಡು ಹಾಕಬೇಕು ಅಂತ ಕೂತೆ. ಎರಡು ಸಂಶಯ. ಆ ಮನುಷ್ಯನ ಬಳಿಗೇ ಹೋಗಿ 'ನಾನೂ ಕಳಿಸಿದ್ದೆ' ಅಂತ ಹೇಳಬೇಕಾ? ಅವರಿಗೆ ನನ್ನ ಹೆಸರೇ ಗೊತ್ತಿಲ್ಲದಿರಬಹುದು. ಎರಡನೆಯದು, ನನ್ನ ತಪ್ಪನ್ನು ಅಲ್ಲಾಹನು ಮುಚ್ಚಿಟ್ಟಿರುವಾಗ ನಾನೇ ಬಿಚ್ಚಿಡುವುದು ಸರಿಯಾ? ಹಾಗೆ ಬಿಚ್ಚಬಾರದು ಅಂತ ಹದೀಸ್ ಇದೆಯಲ್ಲ.

ಬಳಪ · ಗುರುವಾರ ಬೆಳಿಗ್ಗೆ 6:20

ಎರಡನೆಯದನ್ನು ಮೊದಲು ಹೇಳುತ್ತೇನೆ. ರಾತ್ರಿ ಮಾಡಿದ ಪಾಪವನ್ನು ಅಲ್ಲಾಹನು ಮುಚ್ಚಿದ್ದರೂ ಬೆಳಗಾದ ಮೇಲೆ 'ನಾನು ಹೀಗೆ ಮಾಡಿದೆ' ಅಂತ ತಾನೇ ಹೇಳಿಕೊಂಡು ತಿರುಗುವವನ ಬಗ್ಗೆ ಇರುವ ಹದೀಸ್ ಅದು. ನಿಮ್ಮದು ಮುಚ್ಚಿದ ಪಾಪವಲ್ಲ. ನಾಲ್ಕು ಗುಂಪಿನಲ್ಲಿ ನಿಮ್ಮ ಹೆಸರಿನ ಕೆಳಗೇ ಇದೆ. ಅಲ್ ಬಕರಾ 160ರಲ್ಲಿ, ಸತ್ಯ ಮುಚ್ಚಿಟ್ಟವರಿಗೆ ಕ್ಷಮೆಯ ಬಾಗಿಲು ತೆರೆಯುವಾಗ ಮೂರು ಮಾತು ಬರುತ್ತವೆ: ಯಾರು ತೌಬಾ ಮಾಡಿದರೋ, ತಿದ್ದಿಕೊಂಡರೋ, ಸ್ಪಷ್ಟಪಡಿಸಿದರೋ. ಆ ಮೂರನೆಯದು ನಿಮ್ಮ ಪಾಲಿಗೆ ಗುಂಪಿನಲ್ಲಿ ಬರೆಯುವುದು. ಚಿಕ್ಕದಾಗಿ ಬರೆಯಿರಿ. ಯಾವುದು ಸುಳ್ಳು, ಕಳಿಸಿದ್ದು ನಾನು, ನೀವು ಯಾರಿಗೆ ಕಳಿಸಿದ್ದೀರೋ ಅವರಿಗೂ ಇದನ್ನು ತಲುಪಿಸಿ. ಅತ್ತು ಕರೆದು ಬರೆಯಬೇಡಿ, ಆಗ ಎಲ್ಲರೂ ನಿಮ್ಮನ್ನು ಸಮಾಧಾನ ಮಾಡಲು ಬರುತ್ತಾರೆ, ಆ ಮನುಷ್ಯ ಮತ್ತೆ ಮರೆಯಾಗುತ್ತಾರೆ. ಧ್ವನಿಸಂದೇಶವನ್ನೇ ಮತ್ತೆ ಹಾಕಿ 'ಇದು ಸುಳ್ಳು' ಅನ್ನಲೂ ಬೇಡಿ, ಕೇಳದವರೂ ಕೇಳಿಬಿಡುತ್ತಾರೆ.

ಮೊದಲನೆಯದರಲ್ಲಿ ಆಲಿಮರಲ್ಲಿ ಎರಡು ಅಭಿಪ್ರಾಯ ಇದೆ. ಹೋಗಿ ಮಾಫಿ ಕೇಳಲೇಬೇಕು ಅನ್ನುವವರು ಒಂದು ಕಡೆ. ಅವನಿಗೆ ತಿಳಿಯದ ಗೀಬತ್ ಆಗಿದ್ದರೆ ತಿಳಿಸಿ ಹೊಸ ನೋವು ಕೊಡುವುದಕ್ಕಿಂತ ಅವನಿಗಾಗಿ ದುಆ (ಪ್ರಾರ್ಥನೆ) ಮಾಡಿ, ದೂರಿದ ಸಭೆಯಲ್ಲೇ ಅವನ ಒಳಿತನ್ನು ಹೇಳಿ ಅನ್ನುವವರು ಇನ್ನೊಂದು ಕಡೆ, ಇಬ್ನ್ ತೈಮಿಯ್ಯಾ ಅವರಲ್ಲೊಬ್ಬರು. ಆದರೆ ನಿಮ್ಮ ವಿಷಯದಲ್ಲಿ ನೋವು ಆಗಲೇ ಅವರ ಮನೆ ಹೊಕ್ಕಿದೆ. ಸಹೋದರನ ಮಾನಕ್ಕೋ ಬೇರಾವುದಕ್ಕೋ ಅನ್ಯಾಯ ಮಾಡಿದವನು ಇಂದೇ ಬಿಡಿಸಿಕೊಳ್ಳಲಿ, ದೀನಾರ್ ದಿರ್ಹಂ ನಡೆಯದ ದಿನ ಬರುವ ಮೊದಲು ಎಂಬ ಹದೀಸ್ ಬುಖಾರಿಯಲ್ಲಿದೆ. ಮನೆಯವರನ್ನು ಕರೆದುಕೊಂಡು ಹೋಗಿಬನ್ನಿ. ಮಾಫ್ ಮಾಡಲೇಬೇಕು ಅಂತ ಅವರನ್ನು ಒತ್ತಾಯಿಸಬೇಡಿ.

ಇನ್ನೊಂದು. ಅಬೂಬಕರ್(ರ) ಮಗಳ ಮೇಲೆ ಅಪವಾದ ಹಬ್ಬಿಸಿದ ಮಿಸ್ತಹ್‌ಗೆ ಇನ್ನು ನೆರವು ಕೊಡುವುದಿಲ್ಲ ಅಂತ ಆಣೆ ಹಾಕಿದ್ದರು. ಅನ್ನೂರ್ 22 ಇಳಿಯಿತು, ಅಲ್ಲಾಹನು ನಿಮ್ಮನ್ನು ಕ್ಷಮಿಸುವುದು ನಿಮಗೆ ಇಷ್ಟವಿಲ್ಲವೇ ಅಂತ. ಅವರು ನೆರವನ್ನು ಮತ್ತೆ ಶುರುಮಾಡಿದರು. ಮಿಸ್ತಹ್‌ಗೂ ದಾರಿ ಇತ್ತು ತಂಗೀ.

ನಸುಕು · ಗುರುವಾರ ರಾತ್ರಿ 9:05

ಮಗನಿಗೆ ಹೇಳಿದೆ. 'ನನಗೆ ಮೊದಲೇ ಗೊತ್ತಿತ್ತು' ಅಂದ. ಎರಡು ವರ್ಷದಿಂದ ಗೊತ್ತಿತ್ತಂತೆ. ನಾನು ಓದಲಿ ಅಂತಲೇ ಕೆಲವು ಸಂದೇಶ ಬಿಡುತ್ತಿದ್ದನಂತೆ.

ತಲೆಹರಟೆ · ಗುರುವಾರ ರಾತ್ರಿ 9:11

ಹುಡುಗ ಮುಂದೆ ಬರುತ್ತಾನೆ.

ಉಮ್ಮು ಹನಾ · ಎರಡು ವಾರದ ನಂತರ, ಶನಿವಾರ ಸಂಜೆ 5:30

ಅಸ್ಸಲಾಮು ಅಲೈಕುಂ. ಏನಾಯಿತು ಅಂತ ಕೆಲವರು ಕೇಳಿದ್ದೀರಿ.

ನಾಲ್ಕೂ ಗುಂಪಿಗೆ ಬರೆದೆ. ಒಂದರಲ್ಲಿ ಯಾರೂ ಏನೂ ಹೇಳಲಿಲ್ಲ, ಎಲ್ಲರೂ ನೋಡಿದ ಗುರುತು ಮಾತ್ರ ಇದೆ. ಒಂದರಿಂದ ನನ್ನನ್ನು ತೆಗೆದರು. ಒಂದರಲ್ಲಿ ದೂರದ ಸಂಬಂಧದ ಹಿರಿಯರೊಬ್ಬರು 'ಬೆಂಕಿ ಇಲ್ಲದೆ ಹೊಗೆ ಆಡುತ್ತದಾ?' ಅಂತ ಹಾಕಿದರು. ಉತ್ತರ ಬರೆದು ಬರೆದು ಅಳಿಸಿ, ಕೊನೆಗೆ 'ಆ ಹೊಗೆ ಹಾಕಿದವರಲ್ಲಿ ನಾನೂ ಒಬ್ಬಳು ಚಿಕ್ಕಮ್ಮಾ' ಅಂತಷ್ಟೇ ಬರೆದೆ. ನಾಲ್ಕನೆಯದರಲ್ಲಿ ಮೂರು ಜನ ತಾವೂ ಕಳಿಸಿದ್ದಾಗಿ ಒಪ್ಪಿಕೊಂಡು, ತಮ್ಮ ತಮ್ಮ ಗುಂಪಿಗೆ ತಿದ್ದುಪಡಿ ಹಾಕಿದರು.

ಆಮೇಲೆ ನಮ್ಮ ಮನೆಯವರನ್ನು ಕರೆದುಕೊಂಡು ಆ ಮನುಷ್ಯನ ಮನೆಗೆ ಹೋದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ನಾನು ಬಂದ ಕಾರಣ ಹೇಳುವಾಗ ಕೂರಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಆ ಮನುಷ್ಯ ಒಳಗಿನಿಂದ ಬಂದು ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ. 'ಅಲ್ಲಾಹನು ಮಾಫ್ ಮಾಡಲಿ' ಅಂದರು. 'ನಾನು ಮಾಫ್ ಮಾಡಿದೆ' ಅಂತ ಹೇಳಲಿಲ್ಲ, ಅದು ನನಗೆ ಗೊತ್ತಾಯಿತು. ಹೊರಡುವಾಗ ಒಂದೇ ಮಾತು ಕೇಳಿದರು. ಅವರ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಯಾರೋ ಆ ಧ್ವನಿ ಕೇಳಿಸಿದ್ದಾರಂತೆ. ಅವರಿಗೆ ಫೋನ್ ಓದಲು ಬರುವುದಿಲ್ಲ, ಹಾಗಾಗಿ ತಿದ್ದುಪಡಿ ಯಾವುದೂ ತಲುಪಿಲ್ಲ. ಅಳಿಯನ ಜೊತೆ ಮಾತು ಬಿಟ್ಟು ಒಂದೂವರೆ ತಿಂಗಳಾಯಿತಂತೆ. 'ನಾವು ಹೇಳಿದರೆ ನಂಬುತ್ತಿಲ್ಲ. ನೀವು ಹೇಳುತ್ತೀರಾ?' ಅಂದರು.

ನಂಬರ್ ತಂದಿದ್ದೇನೆ. ನಿನ್ನೆ ಜುಮಾ ಆದಮೇಲೆ ಮಾಡಿದೆ, ಹೆಸರು ಹೇಳಿದ ಕೂಡಲೇ ಇಟ್ಟುಬಿಟ್ಟರು. ಇವತ್ತು ಎತ್ತಲೇ ಇಲ್ಲ. ನಾಳೆ ಮನೆಗೇ ಹೋಗಿ ಬರುತ್ತೇನೆ.